ಹನ್ನೊಂದು ದಿನದ ನಲವತ್ತೆರಡು

ಕಾರಾ-ಬುಲುಂಗ್ ಹೊಳೆಯ ಮಟ್ಟ ಈಗ
ಹತ್ತು ನಿಮಿಷಕ್ಕೊಮ್ಮೆ ತಾನೇ ಹೊರಟು
ಬಿಷ್ಕೆಕ್‌ನ ನಮ್ಮ ಕಚೇರಿಗೆ ಬಂದು ಕೂರುತ್ತದೆ.
ಸೇತುವೆಯಡಿ ಒಂದು ಕಬ್ಬಿಣದ ಕೊಳವೆ,
ಅದರ ತಳದಲ್ಲಿ ಹೆಬ್ಬೆರಳು ಗಾತ್ರದ ಸೆನ್ಸರ್,
ದಡದ ಕಂಬಕ್ಕೆ ಸೌರಫಲಕ, ಬ್ಯಾಟರಿ,
ಮೋಡದ ಕಡೆ ಮುಖವೆತ್ತಿದ ಆಂಟೆನಾ.
ಹತ್ತು ನಿಮಿಷ, ಒಂದು ಸಾಲು.
ನಾನು ಮಲಗಿದ ಮೇಲೂ ನಾನು ಬರೆದ ಪ್ರೋಗ್ರಾಮ್ ಎದ್ದಿದ್ದು
ಬಂದವರ ಗುರುತು ಕೇಳಿ ಒಳಗೆ ಬಿಟ್ಟುಕೊಳ್ಳುತ್ತದೆ.

ಅದಕ್ಕೂ ಮುಂಚೆ ಮೂವತ್ತೊಂದು ವರ್ಷ
ಶಾರ್ಶೆನಾಲಿ ಇದ್ದರು.
ಬೆಳಿಗ್ಗೆ ಎಂಟು, ರಾತ್ರಿ ಎಂಟು,
ಲಾಟೀನು ಹಿಡಿದು ಇಳಿದು, ಅಳತೆಪಟ್ಟಿ ಓದಿ,
ನೇರಳೆ ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿ ಒಂದಂಕಿ.
ಹಿಟ್ಟಿನ ಚೀಲದಲ್ಲಿ ಬಂದವು ಅರವತ್ತೆರಡು ನೋಟ್‌ಬುಕ್.
ಎಲ್ಲ ಟೈಪು ಮಾಡಿ ಅದೇ ಕೋಷ್ಟಕಕ್ಕೆ ಸೇರಿಸು, ಅಂದರು ಮೇಲಿನವರು.
ಸೇರಿಸಿದೆ. ಪ್ರೋಗ್ರಾಮ್ ಒಂದು ಕಡೆ ತಡೆಯಿತು:

ತೊಂಬತ್ತಮೂರರ ಮೇ, ಒಂಬತ್ತರಿಂದ ಹತ್ತೊಂಬತ್ತು.
ನಲವತ್ತೆರಡು. ನಲವತ್ತೆರಡು.
ಬೆಳಿಗ್ಗೆಯೂ ರಾತ್ರಿಯೂ, ಇಪ್ಪತ್ತೆರಡು ಸಲ.

ಮೇ ತಿಂಗಳಲ್ಲಿ ನಮ್ಮ ಹೊಳೆ ಹಾಗಿರುವುದಿಲ್ಲ.
ಹಗಲು ಬಿಸಿಲಿಗೆ ಮೇಲೆ ಕರಗಿದ ಮಂಜು
ಇರುಳಿಗೆ ಗುಟುರು ಹಾಕುತ್ತ ಕೆಳಗೆ ಬರುತ್ತದೆ,
ನಸುಕಿಗೆ ಹೊಟ್ಟೆ ಒಳಗೆಳೆದುಕೊಳ್ಳುತ್ತದೆ.
ಒಂದೇ ಅಂಕಿ ಎಂದರೆ
ಯಾರೋ ಮನೆಯಲ್ಲೇ ಕೂತು ಬರೆದದ್ದು.

ಕೊಳವೆಯ ಹೂಳು ತೆಗೆಯಲು ಹೋದಾಗ
(ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬಕೆಟ್, ಮರಗಟ್ಟಿದ ಬೆರಳು)
ಕೇಳಿಯೇಬಿಟ್ಟೆ. ತಪ್ಪು ಹಿಡಿದ ಹುಮ್ಮಸ್ಸು ದನಿಯಲ್ಲಿತ್ತು, ಸುಳ್ಳೇಕೆ.
ಅವರು ಜೀನಿನ ಪಟ್ಟಿ ಹೊಲಿಯುತ್ತಿದ್ದರು. ಸೂಜಿ ನಿಲ್ಲಲಿಲ್ಲ.
ಬಾತ್ಮಾ, ಅಂದರು. ನನ್ನ ದೊಡ್ಡವಳು. ಆರು ವರ್ಷ.
ಜ್ವರ. ಡಾಕ್ಟರು ಆಚೆ ದಡದಲ್ಲಿ.
ಆಗ ಸೇತುವೆ ಎಲ್ಲಿತ್ತು?

ಹೊಳೆ ಆ ಹನ್ನೊಂದು ದಿನ ನಲವತ್ತೆರಡಿರಲಿಲ್ಲ, ನನಗೆ ಗೊತ್ತು.
ನಲವತ್ತೆರಡಿದ್ದಿದ್ದರೆ
ಕುದುರೆ ದಾಟುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ, ಹಲ್ಲಿನಿಂದ ದಾರ ಕಡಿದು:
ಇಪ್ಪತ್ತನೇ ತಾರೀಖಿನದು ಸರಿಯಾಗಿದೆ, ನೋಡಿಕೋ.
ಮೇಲೆ ಚಳಿ ಹಿಡಿದು ನೀರು ಇಳಿದಿತ್ತು.
ನಾನೇ ಹೋಗಿ ಓದಿದೆ.
ಮೂವತ್ತೊಂಬತ್ತು.

ಚಹಾ ಬಂತು. ರೊಟ್ಟಿ ಮುರಿದು ಮುಂದಿಟ್ಟರು.
ನಿನ್ನ ಮಿಷನ್ನು ಎಷ್ಟಕ್ಕೆ ಕೂಗುತ್ತದೆ? ಎಂದು ಕೇಳಿದರು.
ನೂರಕ್ಕೆ, ಅಂದೆ. ನೂರು ದಾಟಿದರೆ
ಕೆಳಗಿನ ಊರುಗಳಿಗೆಲ್ಲ ಫೋನು ಹೋಗುತ್ತದೆ, ಓಡಿ ಅಂತ.
ಗಡ್ಡ ನೀವಿಕೊಂಡರು.
ಓಡುವವರಿಗೆ ಸರಿ.
ಕಾದು ಕೂತವರಿಗೆ?

ಕಚೇರಿಗೆ ಬಂದು ಆ ಇಪ್ಪತ್ತೆರಡು ಸಾಲಿನ ಮುಂದೆ
‘ಅನುಮಾನ’ ಅಂತಲೇ ಬರೆದೆ. ಇನ್ನೇನು ಬರೆಯಲಿ.
ಷರಾ ಅಂಕಣವನ್ನು ನಾವು ಯಾರೂ ತುಂಬುವುದಿಲ್ಲ;
ಅಲ್ಲಿ ಬರೆದೆ: ಕುದುರೆ ದಾಟುವ ಮಟ್ಟ.
ಆಮೇಲೆ ಪ್ರೋಗ್ರಾಮಿಗೆ, ಯಾರನ್ನೂ ಕೇಳದೆ, ಮೂರು ಸಾಲು ಸೇರಿಸಿದೆ.
ಏರುವಾಗ ಅಲ್ಲ, ಇಳಿಯುವಾಗ.
ಸೇತುವೆಯಿಲ್ಲದ ಮೇಲ್ಗಣಿವೆಯ ನಾಲ್ಕು ಮನೆಗಳಿಗೆ ಮಾತ್ರ.

ಮೊನ್ನೆ ನಸುಕಿನ ಆರೂ ಇಪ್ಪತ್ತಕ್ಕೆ
ಮೊದಲ ಸಂದೇಶ ಹೋಯಿತು.
ಹೆಸರಿಲ್ಲ, ಸಲಾಮಿಲ್ಲ.
ಬರೀ ಅಂಕಿ.